ಕವಲಿನ ಸೊಪ್ಪು

ಕೊಳ್ಳೇಗಾಲಕ್ಕೆ ವರ್ಗವಾಗಿ ಬಂದು ಮೂರು ದಿನವಾಗಿತ್ತು. ಪಾತ್ರೆಯ ಮೂಟೆ ಇನ್ನೂ ಬಿಚ್ಚಿರಲಿಲ್ಲ. ನನ್ನ ಗಂಡ ಪಕ್ಕದ ಮನೆಯ ಮಗ್ಗದವರನ್ನು ಕರೆದು ಕೇಳಿದ ಮೊದಲ ಪ್ರಶ್ನೆ, ಇಲ್ಲಿ ಹತ್ತಿರದಲ್ಲಿ ಯಾರೂ ಹೋಗದ ಜಾಗ ಯಾವುದಿದೆ ಅಂತ. ಹಾಲು ಎಲ್ಲಿ ಸಿಗುತ್ತದೆ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳಬೇಕಾದ ಮನುಷ್ಯ! ಮಗ್ಗದವರು ಕೈಯಲ್ಲಿದ್ದ ರೇಷ್ಮೆ ಎಳೆಯನ್ನು ಬಿಡದೆ ಇವರ ಮುಖವನ್ನೇ ನೋಡಿದರು.

"ಯಾರೂ ಓಗ್ದೆ ಇರೋ ಜಾಗಕ್ಕೆ ನೀವ್ಯಾಕೆ ಓಗ್ಬೇಕು ಸಾ?"

ಆ ಪುಣ್ಯಾತ್ಮರ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಮದುವೆಯಾಗಿ ನಾಲ್ಕು ವರ್ಷದಿಂದ ನಾನು ಕೇಳುತ್ತಿದ್ದ ಪ್ರಶ್ನೆ ಅದೇ.

ಇವರು ದನದ ಡಾಕ್ಟರು. ಇವರಿಗೆ ಒಂದು ಹುಚ್ಚು. ಭಾನುವಾರ ಬಂದರೆ ಮನೆಯಲ್ಲಿ ನಿಲ್ಲುವುದಿಲ್ಲ. ಕಾಡು, ಗುಡ್ಡ, ಹಳ್ಳ, ದಾರಿಯಿಲ್ಲದ ದಾರಿ ಬೇಕು, ಅಲ್ಲಿ ಡೇರೆ ಹಾಕಬೇಕು, ಮೂರು ಕಲ್ಲಿಟ್ಟು ಟೀ ಕಾಯಿಸಬೇಕು. ಮೈಸೂರಿನಲ್ಲಿದ್ದಾಗ ನಮ್ಮಮ್ಮ ಹೇಳುತ್ತಿದ್ದರು, ಇರಲಾರದವರು ಇರುವೆ ಬಿಟ್ಟುಕೊಂಡರಂತೆ ಎಂದು. ಅಳಿಯನ ಎದುರಿಗೇ ಹೇಳುತ್ತಿದ್ದರು. ಅಳಿಯ ನಗುತ್ತಿದ್ದರು, ಮಾರನೆಯ ಭಾನುವಾರ ಮತ್ತೆ ಹೊರಡುತ್ತಿದ್ದರು.

ಅದಕ್ಕೆಂದೇ ಒಂದು ಜೀಪು ಕೊಂಡಿದ್ದರು. ಮಿಲಿಟರಿಯವರು ಹರಾಜು ಹಾಕಿದ್ದು. ಸ್ಟೀರಿಂಗು ಎಡಗಡೆಗೆ. ನಾನು ಬಲಗಡೆ ಕೂರಬೇಕು, ಅಂದರೆ ಎದುರಿನಿಂದ ಬರುವ ಲಾರಿ ಮೊದಲು ನನ್ನ ಮೈಮೇಲೇ ಬರುತ್ತದೆ. ಜೀಪಿಗೆ ಬಾಗಿಲಿರಲಿಲ್ಲ. ಬಾಗಿಲಿನ ಜಾಗದಲ್ಲಿ ಒಂದು ಪಟ್ಟಿ, ಅದಕ್ಕೆ ಕೊಕ್ಕೆ, ಕೊಕ್ಕೆಗೆ ಭದ್ರವಿಲ್ಲ. ಕಾಲ ಬಳಿ ಪೆಟ್ರೋಲು ಡಬ್ಬ, ತೊಡೆಯ ಮೇಲೆ ಅವಲಕ್ಕಿ ಡಬ್ಬ, ಕೈಚೀಲದಲ್ಲಿ ಟಿಂಕ್ಚರು, ಹತ್ತಿ, ಹಳೆ ಪಂಚೆ ಹರಿದ ಬಟ್ಟೆ, ದೇವರ ಕುಂಕುಮ. ಮನೆಯ ಬೀಗ ಹಾಕಿ ಬಂದೆನೇ, ಹಾವು ಕಡಿದರೆ ಎಲ್ಲಿ ಕಟ್ಟು ಬಿಗಿಯಬೇಕು, ಇವರಿಗೇ ಏನಾದರೂ ಆದರೆ ಈ ಜೀಪನ್ನು ಯಾರು ನಡೆಸಬೇಕು, ಇಷ್ಟೂ ಯೋಚನೆ ಊರಾಚೆಯ ಮೊದಲ ಮೈಲಿಯಲ್ಲೇ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಾನು ಹೆದರುಪುಕ್ಕಿಯೇ. ಅದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಮೊದಲ ತಿಂಗಳುಗಳಲ್ಲಿ ಇವರು ಒಂದು ಉದ್ದ ನೋಟುಬುಕ್ಕು ಇಟ್ಟುಕೊಂಡು ಸುತ್ತಲ ಸೀಮೆಯನ್ನೆಲ್ಲ ಅದರಲ್ಲಿ ಗೀಚಿದರು. ಯಳಂದೂರಿನ ಕಡೆ ಹೋದೆವು. ಹೊಳೆದಂಡೆ ಚೆನ್ನಾಗಿತ್ತು, ನೆರಳಿತ್ತು, ನನಗೆ ಅದೇ ಸಾಕಾಗಿತ್ತು. ಇವರು ಮೂಗು ಮುರಿದು, "ಬಸ್ಸಿನ ಹಾರನ್ನು ಕೇಳಿಸುತ್ತೆ" ಎಂದು ಬರೆದು ಹಾಳೆ ತಿರುಗಿಸಿದರು. ಆಮೇಲೆ ಬಂಡಳ್ಳಿ ಕಡೆ ಹೋದೆವು. ಹೊಲ ಮುಗಿದು ಕುರುಚಲು ಕಾಡು ಶುರುವಾಗುವ ಕಡೆ ಜಾಲಿ ಮುಳ್ಳು ಹೊಕ್ಕು ಒಂದು ಟೈರು ಹೋಯಿತು. ಸ್ಟೆಪ್ನಿ ಹಾಕಿದರು. ಅರ್ಧ ಮೈಲಿಗೆ ಅದೂ ಹೋಯಿತು. ಬಿರುಬಿಸಿಲಿನಲ್ಲಿ ಇಬ್ಬರೂ ಒಂದು ಗಾಲಿಯನ್ನು ಉರುಳಿಸಿಕೊಂಡು ಬಂಡಳ್ಳಿವರೆಗೆ ನಡೆದೆವು. ಹುರುಳಿ ಹೊಲದಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನೋಡಿದರು.

"ಡಾಕ್ಟ್ರು ಎಂಡ್ರ ಕೈಲಿ ಚಕ್ರ ಉಳ್ಳಾಡುಸ್ತಾವ್ರೆ ಕಣವ್ವೋ!"

ನನ್ನ ಮಾನ ಹರಾಜಾದದ್ದು ಇರಲಿ, ದಾರಿಯಲ್ಲಿ ಸತ್ತರೂ ಕೇಳುವವರಿಲ್ಲ ಎಂಬ ಭಯ ಅವತ್ತು ಮೈಯೊಳಗೆ ಹೊಕ್ಕಿತು. ಅವತ್ತಿನಿಂದ ನಾನೇ ನನಗೊಂದು ಕೆಲಸ ಕೊಟ್ಟುಕೊಂಡೆ. ಡಾಂಬರು ಬಿಟ್ಟು ಜೀಪು ಗಾಡಿ ಜಾಡಿಗೆ ಇಳಿದ ಕೂಡಲೇ ನಾನು ಕೆಳಗಿಳಿಯುತ್ತಿದ್ದೆ. ಮುಂದೆ ಮುಂದೆ ನಡೆದು ಮುಳ್ಳು, ಕೊಂಬೆ, ಚೂಪುಕಲ್ಲು, ಏನು ಬಿದ್ದಿದ್ದರೂ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದೆ. ಜೀಪು ನನ್ನ ಹಿಂದೆ ಆಮೆಯ ಹಾಗೆ ಬರುತ್ತಿತ್ತು. "ಏನೇ ಇದು, ಮೆರವಣಿಗೆಯಾ?" ಎಂದು ಇವರು ಹಿಂದಿನಿಂದ ಕೂಗುತ್ತಿದ್ದರು. ಕೂಗಲಿ. ಆಮೇಲೆ ಒಂದು ಸಲವೂ ಪಂಕ್ಚರಾಗಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಆ ಚಳಿಗಾಲದಲ್ಲಿ ರಾಮಾಪುರದಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬಂತು. ಇವರು ವಾರಗಟ್ಟಲೆ ಅಲ್ಲೇ ಓಡಾಡಿದರು. ಅಲ್ಲಿಗೆ ಕಾಡಿನ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಒಬ್ಬ ಮುದುಕ ಎರಡು ಹಸು ಹೊಡೆದುಕೊಂಡು ಬಂದನಂತೆ. ಹಸುಗಳು ಉಳಿದವು. ಮುದುಕ ಏನು ಕೊಡಲಿ ಎಂದು ಕೇಳಿದ್ದಕ್ಕೆ ನನ್ನ ಗಂಡ, ಯಾರೂ ಹೋಗದ ಒಂದು ಜಾಗ ತೋರಿಸು ಅಂದರಂತೆ. ಈ ಕಥೆಯನ್ನು ಇವರು ಊಟಕ್ಕೆ ಕೂತಾಗ ಹೇಳಿದರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಮುದುಕ ಹೇಳಿದ ಜಾಗ ಅಜ್ಜೀಪುರ ದಾಟಿದ ಮೇಲೆ ಕಾಡಿನೊಳಕ್ಕೆ ಇತ್ತು. ಮತ್ತಿಮರಗಳ ಕೆಳಗೆ ಒಂದು ಹಳ್ಳ, ಬೇಸಿಗೆಯಲ್ಲೂ ಬತ್ತದ ಮಡು, ಪಕ್ಕದಲ್ಲಿ ಮಲಗಿದಷ್ಟೂ ಮರಳು. ನೆಲ್ಲಿಕಾಯಿ ಕಾಲದಲ್ಲಿ ಅವನ ಮನೆಯವರೂ ಅಲ್ಲೇ ಮೂರು ನಾಲ್ಕು ದಿನ ಇರುತ್ತಿದ್ದರಂತೆ. ಈ ಸಲ ಮಗ ಬಿದಿರು ಕಡಿಯುವ ಕೂಲಿಗೆ ಹೋಗಿದ್ದರಿಂದ ಮುದುಕ ಮತ್ತು ಅವನ ಸೊಸೆ, ಇಬ್ಬರೇ. ನಾವು ಭಾನುವಾರ ಬರುವುದು, ಅವರೂ ಅವತ್ತೇ ಬರುವುದು ಎಂದು ಮಾತಾಯಿತು.

ಭಾನುವಾರ ಕತ್ತಲಿರುವಾಗಲೇ ಎದ್ದು ಹನೂರಿನ ದಾರಿ ಹಿಡಿದೆವು. ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದ ಮೈಲಿಗಲ್ಲುಗಳು ಆಗಿನ್ನೂ ಇದ್ದವು, ತಮಿಳು ಅಕ್ಷರದ ಮೇಲೆ ಸುಣ್ಣ ಬಳಿದು ಕನ್ನಡ ಬರೆದಿದ್ದರು, ಮಳೆಗೆ ಸುಣ್ಣ ತೊಳೆದು ಎರಡೂ ಕಾಣುತ್ತಿದ್ದವು. ಅಜ್ಜೀಪುರ ದಾಟಿ ಪೋಡು ಸೇರುವ ಹೊತ್ತಿಗೆ ಎಳೆ ಬಿಸಿಲು. ಮುದುಕ ಹೆಗಲಿಗೆ ಮಚ್ಚು ಸಿಕ್ಕಿಸಿಕೊಂಡು ಹೊರಟು ನಿಂತಿದ್ದ. ಗುಡಿಸಲ ಮುಂದೆ ಅವನ ಸೊಸೆ ಐದು ತಿಂಗಳ ಕೂಸಿಗೆ ನೀರು ಹುಯ್ಯುತ್ತಿದ್ದಳು. ಇಪ್ಪತ್ತು ವರ್ಷವೂ ಇರಲಾರದು. ಬಿಳಿಗಿರಿ ಬೆಟ್ಟದ ಕಡೆಯವಳು. ಮದುವೆಯಾದ ಕೆಲವೇ ತಿಂಗಳಿಗೆ ಬಾಣಂತನಕ್ಕೆ ತವರಿಗೆ ಹೋಗಿ, ಕೂಸನ್ನು ಎತ್ತಿಕೊಂಡು ಹಿಂದಿನ ವಾರವಷ್ಟೇ ವಾಪಸು ಬಂದಿದ್ದಳು. ಈ ಕಾಡು ಅವಳಿಗೂ ಹೊಸದೇ.

"ಜೀಪು ಹತ್ತಪ್ಪ, ಎಲ್ಲರೂ ಒಟ್ಟಿಗೆ ಹೋಗೋಣ" ಎಂದರು ಇವರು.

"ಬ್ಯಾಡಿ ಸಾ. ಅದರ ವಾಸ್ನೆಗೇ ನಂಗೆ ಕರುಳೆಲ್ಲ ಬಾಯ್ಗೆ ಬತ್ತದೆ. ನಾ ಮುಂದುಕ್ಕೆ ನಡ್ದು ಓಯ್ತೀನಿ. ನೀವು ಗಾಡಿ ಜಾಡು ಇಡ್ಕಂಡು ಬನ್ನಿ, ಎಲ್ಲೂ ತಿರುಗ್ಬ್ಯಾಡಿ. ಸುತ್ತು ದಾರಿ, ಆದ್ರೆ ಕೊನೆಗೆ ಅಳ್ಳುಕ್ಕೇ ಓಯ್ತದೆ. ನಮ್ದು ಕಾಲ್ದಾರಿ, ಅರ್ಧುಕ್ಕರ್ಧ ಅತ್ರ. ನಮ್ ಸೊಸೆ ಕೂಸ್ಗೆ ನೀರುಯ್ದು ಇಂದ್ಲಿಂದ ಬತ್ತಾಳೆ."

"ಅವಳಿಗೆ ದಾರಿ ಗೊತ್ತಾ?" ಕೇಳಿದವಳು ನಾನು. ಕೇಳದೆ ಇರುವ ಜನ್ಮವೇ ನನ್ನದಲ್ಲ.

"ಗೊತ್ತು ಮಾಡ್ತೀನಲ್ಲವ್ವಾ" ಅಂದು ಅವನು ನಡೆದೇಬಿಟ್ಟ. ಹೇಗೆ ಗೊತ್ತು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ. ಜನ್ಮದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು.

ಇವರು ಪೋಡಿನಲ್ಲಿ ಒಂದು ಹಸುವಿನ ಬಾಯಿ ನೋಡಿ, ಒಂದು ಕರುವಿಗೆ ಔಷಧಿ ಕುಡಿಸಿ, ಆಮೇಲೆ ಜೀಪು ಹೊರಡಿಸಿದರು. ಸೊಸೆ ಆಗಿನ್ನೂ ಕೂಸಿಗೆ ಬಟ್ಟೆ ಸುತ್ತುತ್ತಿದ್ದಳು. ನಾನು ಎಂದಿನಂತೆ ಮುಂದೆ ನಡೆದೆ. ಒಂದು ಮೈಲಿ ಹೋಗುವಷ್ಟರಲ್ಲಿ ರೇಡಿಯೇಟರು ಕುದಿಯಿತು. ಇವರು ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿ ಕೂತರು. ನಾನು ಸುಮ್ಮನಿರದೆ ದಾರಿ ನೋಡಲು ಮುಂದಕ್ಕೆ ಹೋದೆ.

ಅಲ್ಲಿ ಒಂದು ಕವಲಿತ್ತು. ಗಾಡಿ ಜಾಡು ನೇರ ಹೋಗುತ್ತಿತ್ತು. ಎಡಕ್ಕೆ, ಗಮನಿಸಿದರೆ ಮಾತ್ರ ಕಾಣುವಂಥ ಒಂದು ಕಾಲುದಾರಿ, ಬಂಡೆಯ ಮೇಲೆ ಹತ್ತಿ ಮರೆಯಾಗುತ್ತಿತ್ತು. ಗಾಡಿ ಜಾಡಿಗೆ ಅಡ್ಡಲಾಗಿ ಎಲೆ ತುಂಬಿದ ಒಂದು ಹಸಿ ಕೊಂಬೆ ಬಿದ್ದಿತ್ತು. ಅದರ ಬುಡಕ್ಕೆ ಒಂದು ಕಲ್ಲು ಹೇರಿದ್ದರು. ಗಾಳಿಗೆ ಬಿದ್ದ ಕೊಂಬೆಯ ಮೇಲೆ ಕಲ್ಲು ಹೇರುವವರು ಯಾರು ಎಂದು ನನಗೆ ಅನ್ನಿಸಿತು. ಖಂಡಿತ ಅನ್ನಿಸಿತು, ಇವತ್ತಿಗೂ ಅದನ್ನು ಇಲ್ಲವೆನ್ನಲಾರೆ. ಕೊಂಬೆಯಲ್ಲಿ ಒಂದು ಮುಳ್ಳೂ ಇರಲಿಲ್ಲ. ಆದರೂ ಎಲೆಯ ಕೆಳಗೆ ಏನಿದೆಯೋ ಏನೋ, ಬಂಡಳ್ಳಿಯಲ್ಲಿ ಆದಂತೆ ಇಲ್ಲಿ ಆದರೆ ಗಾಲಿ ಉರುಳಿಸಿಕೊಂಡು ಎಲ್ಲಿಗೆ ಹೋಗುವುದು ಎಂದು ಕಲ್ಲನ್ನು ಕಾಲಿನಿಂದ ಉರುಳಿಸಿ, ಕೊಂಬೆಯನ್ನು ಎತ್ತಿ ಪಕ್ಕದ ಪೊದೆಗೆ ಎಸೆದೆ. ಕೈ ಕೊಡವಿಕೊಂಡೆ. ಇವರು ಬಾನೆಟ್ಟು ಮುಚ್ಚಿ ಬಂದಾಗ ದಾರಿ ಚೊಕ್ಕಟವಾಗಿತ್ತು.

ಮುಂದೆ ಗಾಡಿ ಜಾಡು ಸುತ್ತಿ ಸುತ್ತಿ ಹೋಯಿತು. ನಡುವೆ ಒಂದು ಕೆಸರುಗುಂಡಿಯಂಥ ಕೆರೆ. ದಡದ ತುಂಬ ಆನೆಯ ಲದ್ದಿ, ಇನ್ನೂ ಹಸಿ. "ಆಹಾ, ನೋಡೇ!" ಎಂದು ಇವರು ನೋಟುಬುಕ್ಕು ತೆಗೆದರು. "ಮಧ್ಯಾಹ್ನ ನೀರಿಗೆ ಬರ್ತಾವಂತೆ, ಮುದುಕ ಹೇಳ್ತಿದ್ದ." ನಾನು ಜೀಪು ಹತ್ತಿ ಕಣ್ಣು ಮುಚ್ಚಿಕೊಂಡು ಹಳ್ಳ ಬರುವ ತನಕ ತೆರೆಯಲಿಲ್ಲ.

ಜಾಗ ಮಾತ್ರ, ಸುಳ್ಳೇಕೆ ಹೇಳಲಿ, ಅಂಥದ್ದನ್ನು ನಾನು ಕಂಡಿರಲಿಲ್ಲ. ಮಡುವಿನ ನೀರಿನಲ್ಲಿ ತಳದ ಕಲ್ಲು ಎಣಿಸಬಹುದಿತ್ತು. ಮುದುಕ ಆಗಲೇ ಬಂದು, ಅವರು ತಂಗುವ ಒಂದು ಗವಿಯ ಮುಂದೆ ಗುಡಿಸುತ್ತಿದ್ದ. ಇವರು ಡೇರೆ ಹೊಡೆದು, ಟೀ ಕುಡಿದು, ಹಳ್ಳದ ಮೇಲ್ಭಾಗ ನೋಡಿ ನಕ್ಷೆ ಬರೆದುಕೊಂಡು ಬರುತ್ತೇನೆಂದು ದುರ್ಬೀನು ನೇತುಹಾಕಿಕೊಂಡು ಹೊರಟುಹೋದರು. ನಾನು ಮರಳಿನ ಮೇಲೆ ಕೂತೆ. ಮೊದಲ ಸಲ ಎದೆ ಹಗುರವಾಗಿತ್ತು.

ಹೊತ್ತು ನೆತ್ತಿಗೆ ಬಂದರೂ ಸೊಸೆ ಬರಲಿಲ್ಲ. ಮುದುಕ ಎರಡು ಸಲ ಎದ್ದು ಕಾಲುದಾರಿಯ ಕಡೆ ನೋಡಿದ. ಕೂಸು ಅತ್ತಿರಬೇಕು, ಹಾಲು ಕೊಡಲು ಕೂತಿರಬೇಕು ಎಂದ. ಇನ್ನಷ್ಟು ಹೊತ್ತು ಕಾದು, ಮಚ್ಚು ತೆಗೆದುಕೊಂಡು ಕಾಲುದಾರಿಯಲ್ಲಿ ಹೊರಟ. ನಾನು ಒಬ್ಬಳೇ ಉಳಿದೆ. ಅವನು ತಿರುಗಿ ಬಂದಾಗ ಬೆವರು ಇಳಿಯುತ್ತಿತ್ತು, ಮುಖ ಕಪ್ಪಿಟ್ಟಿತ್ತು.

"ಕವಲ್ಗಂಟ ಓಗಿ ಬಂದೆ ಅವ್ವಾ. ಅವ್ಳು ಕವಲು ದಾಟವ್ಳೆ. ಒಳುಕ್ಕೆ ಬಂದವ್ಳೆ. ಇತ್ಲಾಗೂ ಬಂದಿಲ್ಲ, ಅತ್ಲಾಗೂ ಇಲ್ಲ. ನಡುವ್ನಾಗೆ ಎಲ್ಲೋ ಸಿಕ್ಕಾಕ್ಕಂಡವ್ಳೆ."

"ಕವಲು ದಾಟಿದ್ದಾಳೆ ಅಂತ ಹೇಗೆ ಗೊತ್ತು?"

"ಸೊಪ್ಪು ತಗ್ದವ್ಳಲ್ಲ" ಎಂದ. ನಾನು ಅರ್ಥವಾಗದೆ ನೋಡಿದ್ದಕ್ಕೆ, ಎಳೆಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಮುಂದುಕ್ಕೆ ಓಗೋನು ಓಗ್ಬಾರದ ದಾರಿಗೆ ಸೊಪ್ಪು ಮುರ್ದು ಅಡ್ಡ ಆಕಿ ಕಲ್ಲು ಮಡಗ್ತಾನೆ. ಇಂದ್ಲಿಂದ ಬರೋರು ನೋಡ್ಕಂಡು ಬತ್ತಾರೆ. ಎಲ್ರಿಗಿಂತ ಕೊನೇಗೆ ಬರೋರು ಸೊಪ್ಪು ತಗ್ದು ಬಿಸಾಕ್ತಾರೆ. ಎಲ್ರೂ ಬಂದಾಯ್ತು ಅಂತ. ಗಾಡಿ ಜಾಡಿಗೆ ಸೊಪ್ಪು ಆಕಿದ್ದೆ, ಜೀಪು ಮ್ಯಾಲೇ ಅತ್ತಿ ಓದ್ರೂ ಸೊಪ್ಪು ಅಲ್ಲೇ ಬಿದ್ದಿರ್ತದೆ. ಈಗ ಬಿಸಾಕವ್ಳೆ. ಅಂದ್ರ ಕಾಲ್ದಾರೀಲೆ ಬಂದವ್ಳೆ. ಕೆಳ್ಗೆ ಕರಡಿ ಗವಿ ಕೊರಕ್ಲು ಅದೆ. ಕಾಲು ಜಾರಿದ್ರೆ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಅಂಗೈ ನೋಡಿಕೊಂಡೆ. ಎಲೆಯ ಹಸಿರು ರಸ ಅಲ್ಲಿ ಒಣಗಿ ಕಪ್ಪಾಗಿತ್ತು.

ಹೇಳಬೇಕಿತ್ತು. ನಾಲ್ಕು ಮಾತು, ಅಪ್ಪಾ ಅದು ನಾನು ಎಸೆದದ್ದು ಅಂತ. ಬಾಯಿ ಬರಲಿಲ್ಲ. ಮುದುಕ ಮಚ್ಚು ಹಿಡಿದು ನಿಂತಿದ್ದ, ಇವರು ಇರಲಿಲ್ಲ, ಕಾಡಿನಲ್ಲಿ ನಾನೊಬ್ಬಳು. ಅವನಿಗೆ ಹೆದರಿದೆ. ಇವರಿಗೆ ಹೆದರಿದೆ, ಮೆರವಣಿಗೆ ಮಾಡಿ ಮಾಡಿ ಏನು ಮಾಡಿಟ್ಟೆ ನೋಡು ಎನ್ನುತ್ತಾರೆ ಎಂದು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸೇ ಒಂದು ಉಪಾಯ ಹೇಳಿಕೊಟ್ಟಿತು. ಸೊಪ್ಪು ಇಲ್ಲದ್ದರಿಂದ ಅವಳು ಜೀಪಿನ ಜಾಡು ಹಿಡಿದು ದೊಡ್ಡ ದಾರಿಯಲ್ಲಿ ಬರುತ್ತಿದ್ದಾಳೆ, ಸುತ್ತು ಹೆಚ್ಚು, ಅದಕ್ಕೇ ತಡ, ಇನ್ನೇನು ಬಂದುಬಿಡುತ್ತಾಳೆ, ಬಂದರೆ ನಾನು ಹೇಳುವ ಅಗತ್ಯವೇ ಇಲ್ಲ ಎಂದು. ಮುದುಕ ನನ್ನ ಎದುರಿಗೇ ಕೊರಕಲಿಗೆ ಇಳಿದು ಹೋದ. ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಎಷ್ಟು ಹೊತ್ತು ಹಾಗೆ ಕೂತೆನೋ. ನನ್ನ ಬಳಿ ಗಡಿಯಾರ ಇರಲಿಲ್ಲ. ಡೇರೆಯ ನೆರಳು ಗೂಟದ ಬಳಿ ಇದ್ದದ್ದು ಟೀ ಕಾಯಿಸಿದ ಕಲ್ಲಿನವರೆಗೆ ಬಂತು. ಕೆಳಗಿನಿಂದ ಮುದುಕ ಸೊಸೆಯನ್ನು ಕೂಗುವ ದನಿ ಆಗಾಗ ಕೇಳಿ ಬರುತ್ತಿತ್ತು, ಒಂದೊಂದು ಕೂಗೂ ಹಿಂದಿನದಕ್ಕಿಂತ ದೂರ. ಅಷ್ಟರಲ್ಲಿ ನನಗೆ ಆ ಕೆರೆ ನೆನಪಾಯಿತು. ದಡದ ಹಸಿ ಲದ್ದಿ. ಮಧ್ಯಾಹ್ನ ನೀರಿಗೆ ಬರ್ತಾವಂತೆ. ದೊಡ್ಡ ದಾರಿ ಆ ದಡದ ಮೇಲೇ ಹೋಗುತ್ತದೆ. ಅಲ್ಲಿಯವರೆಗೆ ಅದು ನನ್ನ ತಲೆಗೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು, ಒಳಕ್ಕೆ ಬಿಟ್ಟಿರಲಿಲ್ಲ. ಮನೆಯ ಬೀಗದಿಂದ ಹಿಡಿದು ಹಾವಿನವರೆಗೆ ಸಾವಿರ ಭಯ ಪಟ್ಟವಳು ನಾನು, ಪಡಬೇಕಾದ ಒಂದು ಭಯವನ್ನು ಮಾತ್ರ ಪಕ್ಕಕ್ಕೆ ಎಸೆದು ಕೂತಿದ್ದೆನಲ್ಲ!

ಎದ್ದು ಜೀಪಿನ ಬಳಿ ಓಡಿ ಹಾರನ್ನಿನ ಮೇಲೆ ಎರಡೂ ಕೈ ಒತ್ತಿ ಹಿಡಿದೆ. ಬಿಡಲೇ ಇಲ್ಲ. ಇವರು ಹಳ್ಳದ ಮೇಲಿನಿಂದ ಓಡಿ ಬಂದರು, ಮುದುಕ ಕೊರಕಲಿನಿಂದ ಹತ್ತಿ ಬಂದ. ಅವನ ಮೊಣಕಾಲಿನಲ್ಲಿ ರಕ್ತ ಇಳಿಯುತ್ತಿತ್ತು. ಇಬ್ಬರ ಎದುರಿಗೆ ಹೇಳಿದೆ, ಸೊಪ್ಪು ತೆಗೆದವಳು ನಾನು, ಅವಳಲ್ಲ, ಬೆಳಿಗ್ಗೆಯೇ ತೆಗೆದೆ, ಟೈರಿಗೆಂದು ತೆಗೆದೆ.

ಮುದುಕ ಸಿಡಿದ.

"ನಾ ಸೊಪ್ಪಿನ ಮಾತೆತ್ದಾಗ ಏಳಾಕೇನಾಗಿತ್ತು ನಿಮ್ಗೆ? ಬಾಯ್ಗೆ ಬೀಗ ಆಕಿತ್ತಾ? ನಿಮ್ ಟೈರು ಎಚ್ಚೋ, ನಮ್ ಎಣ್ಮಗ ಎಚ್ಚೋ? ಏಳ್ರವ್ವಾ!"

ನನ್ನ ಗಂಡ ನನ್ನ ಕಡೆ ತಿರುಗದೆ ಜೀಪು ಹತ್ತಿದರು. ಅದಕ್ಕೆ ಬದಲು ಎರಡು ಏಟು ಹಾಕಿದ್ದರೂ ನಾನು ಸಮಾಧಾನ ಪಡುತ್ತಿದ್ದೆ. ಜೀಪು ಸ್ಟಾರ್ಟು ಮಾಡಿದರು. ಪೆಟ್ರೋಲು ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದವನು ಮುಂದಿನ ಸೀಟಿಗೇ ಹಾರಿ ಕೂತ. ನಾನು ಹಿಂದೆ ಪೆಟ್ರೋಲು ಡಬ್ಬ ತಬ್ಬಿಕೊಂಡು ಕೂತೆ. ಅವತ್ತು ಯಾರೂ ಇಳಿದು ಮುಳ್ಳು ತೆಗೆಯಲಿಲ್ಲ. ಜೀಪು ಕಲ್ಲು ಮುಳ್ಳು ಏನನ್ನೂ ನೋಡದೆ ಹಾರಿ ಹಾರಿ ಓಡಿತು. ದೇವರೇ, ನಾಲ್ಕು ಟೈರೂ ಹೋಗಲಿ, ಅವಳೊಬ್ಬಳು ಸಿಗಲಿ ಎಂದು ನಾನು ಹರಕೆ ಹೊತ್ತೆ.

ಕೆರೆಗೆ ಇನ್ನೂ ದೂರವಿರುವಾಗಲೇ ಮುದುಕ ಕೈ ಅಡ್ಡ ಹಿಡಿದ. "ನಿಲ್ಸಿ ಸಾ. ಇಂಜನ್ನು ಆಪ್ ಮಾಡಿ. ದೊಡ್ಡೋರು ಅವ್ರೆ." ಕಾಡಿನಲ್ಲಿ ಅವನು ಆನೆ ಎನ್ನುತ್ತಿರಲಿಲ್ಲ. ಮೂವರೂ ಇಳಿದು ಮರದಿಂದ ಮರಕ್ಕೆ ಹೋದೆವು. ಕೆರೆಯಲ್ಲಿ ಏಳೋ ಎಂಟೋ ಇದ್ದವು, ಮರಿಯೂ ಇತ್ತು. ದಾರಿಯ ನಡುವೆ ಒಂದು ಗಡಿಗೆ ಒಡೆದು ಬಿದ್ದಿತ್ತು, ರಾಗಿ ಹಿಟ್ಟು ಚೆಲ್ಲಿತ್ತು. ಹಳ್ಳದ ಅಡುಗೆಗೆಂದು ಅವಳು ಹೊತ್ತು ತಂದದ್ದು ಅದೇ ಇರಬೇಕು.

ಮುದುಕ ಎರಡು ಬೆರಳು ಬಾಯಿಗಿಟ್ಟು ಹಕ್ಕಿಯ ಹಾಗೆ ಸಣ್ಣಗೆ ಒಂದು ಸಿಳ್ಳು ಹಾಕಿದ. ಸದ್ದಿಲ್ಲ. ಇನ್ನೊಂದು ಹಾಕಿದ. ಕೆರೆಯ ಆ ಬದಿಯ ದೊಡ್ಡ ಬಂಡೆಯ ತಲೆಯ ಮೇಲೆ ಒಂದು ಕೈ ಎದ್ದಿತು. ಕೈ ಮಾತ್ರ.

ಅವಳು ಬದುಕಿದ್ದಳು. ಆದರೆ ಬಂಡೆಗೂ ನಮಗೂ ನಡುವೆ ಆನೆಗಳು. ಕೂಸು ಅತ್ತರೆ ಏನು ಗತಿ? ಮರಿ ಇರುವ ಹಿಂಡು, ಸದ್ದು ಕೇಳಿದರೆ ಸುಮ್ಮನಿರುವುದಿಲ್ಲ ಎಂದು ಇವರು ಪಿಸುಗುಟ್ಟಿದರು. ನಾವು ಮಾಡುವಂಥದ್ದು ಏನೂ ಇರಲಿಲ್ಲ. ಅಲ್ಲೇ ನೆಲಕ್ಕೆ ಅಂಟಿಕೊಂಡು ಕೂತೆವು. ಅಳಬೇಡ ಕಂದಾ, ಅಳಬೇಡ ಕಂದಾ ಎಂದು ನಾನು ತುಟಿಯೊಳಗೇ ಹೇಳುತ್ತಿದ್ದೆ. ನನಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಒಂದು ಸಲ ಕೂಸಿನ ಕುಂಯ್ ಎನ್ನುವ ಸಣ್ಣ ಸದ್ದು ಕೇಳಿತು. ದೊಡ್ಡ ಹೆಣ್ಣಾನೆ ಕಿವಿ ಅಗಲಿಸಿ ನಿಂತಿತು. ಸದ್ದು ಅಲ್ಲಿಗೇ ನಿಂತಿತು. ಮೊಲೆ ಬಾಯಿಗಿಟ್ಟಿರಬೇಕು. ಆನೆ ಮತ್ತೆ ಸೊಂಡಿಲು ನೀರಿಗಿಳಿಸಿತು.

ಬಿಸಿಲು ಮರದ ತುದಿಗೆ ಏರಿದ ಮೇಲೆ ಅವು ಒಂದೊಂದೇ ದಡ ಹತ್ತಿ ಆಚೆಯ ಬಿದಿರು ಮೆಳೆಗೆ ಹೋದವು. ಮುದುಕ ಇನ್ನಷ್ಟು ಕಾದು, ಸಿಳ್ಳು ಹಾಕಿದ. ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂಡೆ ಇಳಿದು ಬಂದಳು. ಮೊಣಕೈ ತರಚಿತ್ತು. ಕೂಸು ಬಾಯಿಯಿಂದ ಹಾಲು ಸುರಿಸಿಕೊಂಡು ನಿದ್ದೆ ಮಾಡುತ್ತಿತ್ತು. ಮುದುಕ ಸೊಸೆಯನ್ನು ಬಾಯಿಗೆ ಬಂದ ಹಾಗೆ ಬೈದ, ಬೈಯುತ್ತಲೇ ಅವಳ ತಲೆ ಸವರಿದ. ನಾನು ಅವಳ ಎದುರಿಗೆ ಹೋಗಿ ನಿಂತು ಮತ್ತೆ ಹೇಳಿದೆ, ಸೊಪ್ಪು ಎಸೆದದ್ದು ನಾನು ಎಂದು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಅವಳು ಬೈಯಲಿಲ್ಲ.

"ನೀವಾ ಅವ್ವಾ? ನಾನು ಮಾವನೇ ಅಂದ್ಕಂಡೆ. ಪೊದೇಲಿ ಸೊಪ್ಪು ನೋಡ್ದೆ. ಎಲ್ರೂ ಬಂದಾಯ್ತು ಅಂತ ತಗ್ದು ಬಿಸಾಕವ್ರೆ. ನಾ ಇನ್ನೂ ಬಂದೇ ಇಲ್ವಲ್ಲ, ನನ್ನ ಎಣಿಸ್ನೇ ಇಲ್ವಲ್ಲ ಅಂತ ಅಳು ಬಂತು. ಒಸ್ಬಳು ಅಂತ ಮರ್ತ್ರೇನೋ ಅಂತ. ಅಳ್ತಾ ಅಳ್ತಾ ಜೀಪಿನ ಜಾಡು ಇಡ್ಕಂಡು ಬಂದೆ."

ಮುದುಕ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ. "ಸೊಪ್ಪು ಸುಳ್ಳು ಏಳಾಕಿಲ್ಲ ಅಂತ ನಾನೂ ಎಜ್ಜೆ ನೋಡ್ನಿಲ್ಲ ಕಣವ್ವಾ" ಎಂದ. ಆನೆಗಿಂತ, ಒಡೆದ ಗಡಿಗೆಗಿಂತ ನನ್ನನ್ನು ಕೊಂದದ್ದು ಅವಳ ಆ ಮಾತು. ಹೊಸ ಮನೆಗೆ ಬಂದ ಹುಡುಗಿ, ತನ್ನವರು ತನ್ನನ್ನು ಲೆಕ್ಕಕ್ಕೇ ಇಡಲಿಲ್ಲ ಎಂದು ಅಳುತ್ತಾ ಆನೆಯ ದಾರಿಯಲ್ಲಿ ನಡೆದಿದ್ದಳು. ನನ್ನ ಕೈಯಿಂದ.

ನೆಲ್ಲಿಕಾಯಿ ಬೇಡ, ಇವತ್ತು ಪೋಡಿಗೇ ಹೋಗೋಣ ಎಂದ ಮುದುಕ. ಡೇರೆಯನ್ನು ಮಾರನೆಯ ದಿನ ತಂದರಾಯಿತು ಎಂದರು ಇವರು. ಐದೂ ಜನ ಜೀಪು ಹತ್ತಿದೆವು. ಅವಳು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು, ತಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಳು. ಅವಳಿಗೆ ಜೀಪೆಂದರೆ ಆನೆಗಿಂತ ಭಯವಂತೆ. ಮುದುಕ ನಡುವೆ ಒಂದು ಸಲ ಇಳಿದು ವಾಂತಿ ಮಾಡಿಕೊಂಡ.

ಕವಲು ಬಂದಾಗ ಮುದುಕ ಇವರ ಭುಜ ತಟ್ಟಿ ನಿಲ್ಲಿಸಲು ಹೇಳಿದ. ಇಳಿದು ಪೊದೆಯೊಳಗೆ ತಡಕಾಡಿದ. ಬೆಳಿಗ್ಗೆಯ ಕೊಂಬೆ ಬಾಡಿ ಜೋತಿತ್ತು. ಅದನ್ನು ಅಲ್ಲೇ ಬಿಟ್ಟು, ಮಚ್ಚಿನಿಂದ ಹೊಸದೊಂದು ಕಡಿದು ತಂದು ನಮ್ಮ ಬೆನ್ನ ಹಿಂದಿನ ದಾರಿಗೆ ಅಡ್ಡ ಹಾಕಿದ. ಹುಡುಕಿ ಅದೇ ಕಲ್ಲನ್ನು ತಂದು ಬುಡಕ್ಕೆ ಮಡಗಿದ. ಆಮೇಲೆ ನನ್ನನ್ನು ಕರೆದ. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಬನ್ನಿ ಅವ್ವಾ. ಮೊದ್ಲು ಎಣ್ಸಿ."

ನಾನು ಕೂಸನ್ನು ಎತ್ತಿಕೊಂಡೇ ಇಳಿದೆ. ಇವರನ್ನು ಎಣಿಸಿದೆ, ಮುದುಕನನ್ನು ಎಣಿಸಿದೆ, ನನ್ನನ್ನು ಎಣಿಸಿಕೊಂಡೆ. ಕೂಸನ್ನು ಎಣಿಸಿದೆ. ಕೊನೆಗೆ ಅವಳ ಮುಖ ನೋಡಿ, ಗಟ್ಟಿಯಾಗಿ, "ಐದು" ಎಂದೆ. ಅವಳು ಜೀಪಿನ ಕಂಬಿ ಬಿಟ್ಟು ಕಣ್ಣು ತೆರೆದು ನನ್ನನ್ನು ನೋಡಿದಳು.

"ಈಗ ತಗೀರಿ" ಎಂದ ಮುದುಕ.

ಕಲ್ಲನ್ನು ಕಾಲಿನಿಂದ ಉರುಳಿಸಲು ಮನಸ್ಸಾಗಲಿಲ್ಲ, ಬಗ್ಗಿ ಕೈಯಿಂದ ಎತ್ತಿ ಪಕ್ಕಕ್ಕಿಟ್ಟೆ. ಕೂಸನ್ನು ಒಂದು ಕಂಕುಳಿಗೆ ಸರಿಸಿಕೊಂಡು ಇನ್ನೊಂದು ಕೈಯಲ್ಲಿ ಕೊಂಬೆ ಎತ್ತಿ ಎಸೆದೆ. ಒಂದೇ ಕೈಯ ಬಲಕ್ಕೆ ಅದು ಎರಡು ಮಾರು ದೂರಕ್ಕೂ ಹೋಗಲಿಲ್ಲ, ದಾರಿಯಲ್ಲೇ ಬಿತ್ತು. ಅವಳು ಜೀಪಿನಿಂದ ಇಳಿದು ಬಂದು ಅದನ್ನು ಎತ್ತಿ ಪೊದೆಗೆ ಎಸೆದು, ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡಳು.